ಪವರ್ ಸಪ್ಲೈ ಟ್ರಾನ್ಸ್‌ಪಾಂಡರ್: ಮೋಡೆಮ್ ಆನ್‌ಲೈನ್, ಆದರೆ ಮಾನಿಟರಿಂಗ್ ಸರ್ವರ್‌ನಲ್ಲಿ ಪತ್ತೆಯಿಲ್ಲ

ರಾತ್ರಿಪಾಳಿ_ನಾಗ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಕೂತು ಅಮೆರಿಕದ ಒಂದು ಕೇಬಲ್ ಕಂಪನಿಯ ನೆಟ್‌ವರ್ಕ್ ನೋಡಿಕೊಳ್ಳುವ ಕೆಲಸ ನನ್ನದು. ರೂಟರ್, ಸ್ವಿಚ್ ಕಡೆಯಿಂದ ಬಂದವನು. ಕೇಬಲ್ ಲೋಕಕ್ಕೆ ಹೊಸಬ.

ವಿಷಯ ಇಷ್ಟು. ರಸ್ತೆ ಬದಿಯ ಪವರ್ ಸಪ್ಲೈ ಪೆಟ್ಟಿಗೆಯೊಳಗೆ ಟ್ರಾನ್ಸ್‌ಪಾಂಡರ್ ಅಂತ ಒಂದು ಚಿಕ್ಕ ಬೋರ್ಡ್ ಇರುತ್ತದೆ. ಬ್ಯಾಟರಿ ವೋಲ್ಟೇಜ್ ಎಷ್ಟು, ಬಿಸಿ ಎಷ್ಟು, ಪೆಟ್ಟಿಗೆಯ ಬಾಗಿಲು ಯಾರಾದರೂ ತೆಗೆದರಾ, ಇವನ್ನೆಲ್ಲ ಅದು ನಮ್ಮ ಸರ್ವರ್‌ಗೆ ತಿಳಿಸಬೇಕು. ಒಂದು ಕಡೆ ಹಳೆಯದು ಕೆಟ್ಟಿತ್ತು, ಫೀಲ್ಡ್‌ನವರು ಹೊಸದು ಹಾಕಿದರು. ಲೈಟುಗಳೆಲ್ಲ ಸರಿಯಾಗಿವೆ ಅಂತಾರೆ. ನಮ್ಮ ಡ್ಯಾಶ್‌ಬೋರ್ಡ್‌ನಲ್ಲೂ ಮೋಡೆಮ್ ಹಸಿರು, ಆನ್‌ಲೈನ್. ಮಾನಿಟರಿಂಗ್ ಸರ್ವರ್‌ನಲ್ಲಿ ಮಾತ್ರ ಆ ಪೆಟ್ಟಿಗೆ ಇನ್ನೂ ಕೆಂಪು.

ಫೀಲ್ಡ್‌ನವರು ಸರ್ವರ್ ಕಡೆ ಕೈ ತೋರಿಸುತ್ತಾರೆ, ಸರ್ವರ್‌ನವರು ಫೀಲ್ಡ್ ಕಡೆ. ನಡುವೆ ನಾನು. ಕರೆಂಟ್ ಕೊಟ್ಟ ಗಳಿಗೆಯಿಂದ ನೆಟ್‌ವರ್ಕಿಗೆ ಸೇರುವವರೆಗೆ ಇದರೊಳಗೆ ಏನೇನು ನಡೆಯುತ್ತದೆ ಅಂತ ಯಾರಾದರೂ ಬಿಡಿಸಿ ಹೇಳ್ತೀರಾ? ಸಿಎಂಟಿಎಸ್‌ಗೆ (ಕಂಪನಿಯ ಕಡೆ ಕೂತು ಎಲ್ಲ ಕೇಬಲ್ ಮೋಡೆಮ್‌ಗಳ ಜೊತೆ ಮಾತಾಡುವ ಯಂತ್ರ) ಲಾಗಿನ್ ಆಗುವ ಅನುಮತಿ ನನಗಿಲ್ಲ. ಅದಕ್ಕೆ ಬೇರೆ ತಂಡವನ್ನೇ ಕೇಳಬೇಕು.

ಹೆಡ್‌ಎಂಡ್_ಮಾಮ

ನಾಗ ಅವರೇ, ಮೊದಲು ಒಂದು ಕೆಲಸ ಮಾಡಿ. ಸಿಎಂಟಿಎಸ್ ನೋಡಿಕೊಳ್ಳುವವರಿಗೆ ಮೆಸೇಜ್ ಹಾಕಿ, ಆ ಮೋಡೆಮ್‌ನ ಸ್ಟೇಟಸ್ ಸಾಲನ್ನು ಇದ್ದದ್ದು ಇದ್ದ ಹಾಗೆ ಕಾಪಿ ಮಾಡಿ ಕಳಿಸಲು ಹೇಳಿ. ಡ್ಯಾಶ್‌ಬೋರ್ಡಿನ ಹಸಿರನ್ನು ನಾನು ನಂಬುವುದಿಲ್ಲ. ಸಿಎಂಟಿಎಸ್ ಹತ್ತಾರು ಬಗೆಯ ಸ್ಥಿತಿ ಹೇಳುತ್ತದೆ, ಡ್ಯಾಶ್‌ಬೋರ್ಡ್ ಮಾಡಿದವರು ಅವನ್ನೆಲ್ಲ ಕೆಂಪು, ಹಸಿರು ಅಂತ ಎರಡೇ ಬಣ್ಣಕ್ಕೆ ಇಳಿಸಿಬಿಟ್ಟಿರುತ್ತಾರೆ.

ಅವರ ಉತ್ತರ ಬರುವವರೆಗೆ ಕಥೆ ಶುರು ಮಾಡೋಣ.

ಈ ಟ್ರಾನ್ಸ್‌ಪಾಂಡರ್‌ನ ಅರ್ಧ ಭಾಗ ಸಾಮಾನ್ಯ ಕೇಬಲ್ ಮೋಡೆಮ್. ಮನೆಯಲ್ಲಿ ಇಡುವ ಮೋಡೆಮ್ ಹೇಗೆ ಏಳುತ್ತದೋ ಇದೂ ಹಾಗೇ ಏಳುತ್ತದೆ, ಅದೇ ಡಾಕ್ಸಿಸ್ ನಿಯಮ (ಟಿವಿ ಕೇಬಲ್ ಮೇಲೆ ಇಂಟರ್ನೆಟ್ ಒಯ್ಯುವ ಸ್ಟ್ಯಾಂಡರ್ಡ್). ಇನ್ನರ್ಧ ಅಳತೆ ಮಾಡುವ ಭಾಗ. ಈ ಎರಡು ಅರ್ಧಗಳನ್ನು ತಲೆಯಲ್ಲಿ ಬೇರೆ ಬೇರೆ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕರೆಂಟ್ ಬಂದ ಕೂಡಲೇ ಮೋಡೆಮ್ ಮಾತಾಡುವುದಿಲ್ಲ. ಕೇಳಿಸಿಕೊಳ್ಳುತ್ತದೆ. ಕಳೆದ ಸಲ ಯಾವ ಡೌನ್‌ಸ್ಟ್ರೀಮ್ (ಕಂಪನಿಯಿಂದ ಮೋಡೆಮ್ ಕಡೆಗೆ ಬರುವ) ಫ್ರೀಕ್ವೆನ್ಸಿಯಲ್ಲಿ ಇತ್ತೋ ಅದನ್ನು ತನ್ನ ಮೆಮೊರಿಯಲ್ಲಿ ಬರೆದಿಟ್ಟುಕೊಂಡಿರುತ್ತದೆ. ಮೊದಲು ಅಲ್ಲಿ ಹುಡುಕುತ್ತದೆ. ಸಿಗದಿದ್ದರೆ ಒಂದೊಂದೇ ಚಾನೆಲ್ ದಾಟುತ್ತಾ ಹೋಗುತ್ತದೆ. ಅಮೆರಿಕದಲ್ಲಿ ಒಂದು ಚಾನೆಲ್ 6 ಮೆಗಾಹರ್ಟ್ಸ್. ಡಾಕ್ಸಿಸ್ 3.0 ಮೋಡೆಮ್ ಆದರೆ 1002 ಮೆಗಾಹರ್ಟ್ಸ್‌ವರೆಗೆ ಹುಡುಕಬೇಕು. ಗೋದಾಮಿನಿಂದ ಬಂದ ಹೊಸ ಬೋರ್ಡಿಗೆ ಹಳೆಯ ನೆನಪು ಇರುವುದಿಲ್ಲ. ಹಾಗಾಗಿ ಮೊದಲ ಸಲ ಕೆಲವು ನಿಮಿಷ ಬೇಕೇ ಬೇಕು. ಫೀಲ್ಡ್‌ನವರು ತಾಳ್ಮೆ ಕಳೆದುಕೊಂಡು ಆಫ್ ಆನ್ ಮಾಡಿದರೆ ಹುಡುಕಾಟ ಮತ್ತೆ ಮೊದಲಿನಿಂದ.

ಒಂದು ಕ್ವಾಮ್ ಸಿಗ್ನಲ್ (ಡಿಜಿಟಲ್ ಮಾಹಿತಿ ಹೊತ್ತ ಸಿಗ್ನಲ್) ಸಿಕ್ಕಿತು ಅಂತಿಟ್ಟುಕೊಳ್ಳಿ, 64 ಅಥವಾ 256 ಬಗೆಯದು. ಸಿಕ್ಕ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಅದು ಸುಮ್ನೆ ಟಿವಿ ಚಾನೆಲ್‌ಗಳನ್ನು ಹೊತ್ತ ಸಿಗ್ನಲ್ ಆಗಿರಬಹುದು. ಆ ಎಂಪೆಗ್ ಹರಿವಿನಲ್ಲಿ 8190 ನಂಬರಿನ ಪಿಐಡಿ (ಪ್ಯಾಕೆಟ್‌ನ ಗುರುತಿನ ಸಂಖ್ಯೆ) ಇದೆಯಾ ಅಂತ ಮೋಡೆಮ್ ನೋಡುತ್ತದೆ. ಆ ನಂಬರ್ ಡಾಕ್ಸಿಸ್‌ಗೆಂದೇ ಮೀಸಲು. ಇಲ್ಲದಿದ್ದರೆ ಮುಂದಿನ ಚಾನೆಲ್.

ಒಹಾಯೊ_ಲೈನ್‌ಮನ್

ನಮಸ್ಕಾರ. ನಾನು ಶಿವಮೊಗ್ಗದವನು, ಇಲ್ಲಿ ಒಹಾಯೊದಲ್ಲಿ ಹೊರಗಿನ ಪ್ಲಾಂಟ್ ಕೆಲಸ. ಇಂಥ ಪೆಟ್ಟಿಗೆ ದಿನಾ ತೆಗೆಯುತ್ತೇನೆ.

ಇದು ಯಾಕಿದೆ ಅಂತ ಹೊಸಬರಿಗೆ ಸ್ವಲ್ಪ ಹೇಳುತ್ತೇನೆ. ಫೈಬರ್ ನೋಡ್‌ವರೆಗೆ (ಬೆಳಕನ್ನು ವಿದ್ಯುತ್ ಸಿಗ್ನಲ್ ಮಾಡುವ ಪೆಟ್ಟಿಗೆ) ಬರುತ್ತದೆ. ಅಲ್ಲಿಂದ ಮನೆಗಳ ಕಡೆಗೆ ಕೋಆಕ್ಸ್ (ಲೋಹದ ಟಿವಿ ಕೇಬಲ್), ದಾರಿಯುದ್ದಕ್ಕೂ ಆಂಪ್ಲಿಫೈಯರ್. ಆಂಪ್ಲಿಫೈಯರ್‌ಗಳಿಗೆ ಬೇಕಾದ ಕರೆಂಟ್ ಅದೇ ಕೋಆಕ್ಸ್‌ನಲ್ಲೇ ಹರಿಯುತ್ತದೆ, ಸುಮಾರು 60 ಅಥವಾ 90 ವೋಲ್ಟ್ ಎಸಿ. ಅದನ್ನು ತುಂಬುವುದು ಈ ಪವರ್ ಸಪ್ಲೈ. ಒಳಗೆ ಸಾಮಾನ್ಯವಾಗಿ 12 ವೋಲ್ಟಿನ ಮೂರು ಬ್ಯಾಟರಿ ಸಾಲಾಗಿ, ಒಟ್ಟು 36 ವೋಲ್ಟ್. ಊರಿನ ಕರೆಂಟ್ ಹೋದರೂ ಬ್ಯಾಟರಿ ಇರುವಷ್ಟು ಹೊತ್ತು ಇಂಟರ್ನೆಟ್ ನಿಲ್ಲುವುದಿಲ್ಲ. ಬ್ಯಾಟರಿ ಸತ್ತಿದೆ ಅನ್ನುವುದು ಕರೆಂಟ್ ಹೋದ ದಿನವೇ ಗೊತ್ತಾದರೆ ಏನು ಪ್ರಯೋಜನ? ಅದಕ್ಕೇ ಟ್ರಾನ್ಸ್‌ಪಾಂಡರ್.

ಅದಕ್ಕೆ ಆರ್‌ಎಫ್ ಸಿಗ್ನಲ್ ಕೊಡುವ ಜಾಗದ ಬಗ್ಗೆ ಒಂದು ಮಾತು. ಹತ್ತಿರದ ಟ್ಯಾಪ್‌ನ (ಲೈನಿನಿಂದ ಮನೆಗಳಿಗೆ ಸಿಗ್ನಲ್ ಕವಲಾಗುವ ಪೆಟ್ಟಿಗೆ) ಎಫ್ ಪೋರ್ಟಿನಿಂದ ಒಂದು ಡ್ರಾಪ್ ಕೇಬಲ್ ಎಳೆದು ಹಾಕುತ್ತೇವೆ. ಟ್ಯಾಪ್‌ನ ಆ ಪೋರ್ಟಿಗೆ ಲೈನಿನ 90 ವೋಲ್ಟ್ ಬರುವುದಿಲ್ಲ, ಹಾಗಾಗಿ ಬೋರ್ಡ್ ಸುಡುವುದಿಲ್ಲ. ಆದರೆ ಲೆವೆಲ್ ಅಳೆಯದೆ ಸಿಕ್ಕಿಸಿ ಹೋಗುವವರು ಜಾಸ್ತಿ. ಮೋಡೆಮ್‌ಗೆ ಬರುವ ಸಿಗ್ನಲ್ ಮೈನಸ್ 15ರಿಂದ ಪ್ಲಸ್ 15 ಡಿಬಿಎಂವಿ (ಸಿಗ್ನಲ್ ಲೆವೆಲ್‌ನ ಅಳತೆ) ಒಳಗೆ ಇರಬೇಕು ಅಂತ ನಿಯಮ. ನಾನು ಸೊನ್ನೆಯ ಆಸುಪಾಸಿಗೆ ತಂದು ಬಿಡುತ್ತೇನೆ. ಚಳಿಗಾಲಕ್ಕೂ ಬೇಸಿಗೆಗೂ ಕೇಬಲ್‌ನ ನಷ್ಟವೇ ಬೇರೆ. ಇವತ್ತು ಅಂಚಿನಲ್ಲಿ ಕೂರಿಸಿದರೆ ಆರು ತಿಂಗಳಿಗೆ ಬಿದ್ದುಹೋಗುತ್ತದೆ.

ಹೆಡ್‌ಎಂಡ್_ಮಾಮ

ಒಹಾಯೊ ಹೇಳಿದ್ದು ಸರಿ. ಈಗ ಬಾಯಿ ಬಿಡುವ ಹಂತ.

ಡೌನ್‌ಸ್ಟ್ರೀಮ್ ಸಿಕ್ಕ ಮೇಲೆ ಮೋಡೆಮ್ ಮೂರು ಸಂದೇಶಗಳಿಗಾಗಿ ಕಾಯುತ್ತದೆ. ಸಿಂಕ್ ಅಂತ ಒಂದು. ಅದರಲ್ಲಿ ಸಿಎಂಟಿಎಸ್‌ನ ಗಡಿಯಾರ ಬರುತ್ತದೆ. ಯುಸಿಡಿ ಇನ್ನೊಂದು. ನೀನು ಮಾತಾಡಬೇಕಾದ ಅಪ್‌ಸ್ಟ್ರೀಮ್ ಚಾನೆಲ್ ಯಾವುದು, ಎಷ್ಟು ಅಗಲ, ಯಾವ ಮಾಡ್ಯುಲೇಷನ್ ಅಂತ ಅದು ಹೇಳುತ್ತದೆ. ಮೂರನೆಯದು ಮ್ಯಾಪ್: ಯಾವ ಕ್ಷಣದಲ್ಲಿ ಯಾರು ಮಾತಾಡಬಹುದು ಅನ್ನುವ ಪಟ್ಟಿ. 2006ರ ಡಾಕ್ಸಿಸ್ 3.0 ನಂತರ ಎಂಡಿಡಿ ಅಂತ ಇನ್ನೊಂದು ಸೇರಿತು. ಐಪಿವಿ4 ತಗೋಬೇಕಾ ಐಪಿವಿ6 ತಗೋಬೇಕಾ ಅನ್ನುವುದನ್ನೂ ಮೋಡೆಮ್ ಅದರಿಂದಲೇ ತಿಳಿಯುತ್ತದೆ.

ತೊಂದರೆ ಎಲ್ಲಿ ಅಂದರೆ, ಸಿಎಂಟಿಎಸ್‌ನಿಂದ ತಾನು ಎಷ್ಟು ದೂರ ಇದ್ದೇನೆ ಅಂತ ಮೋಡೆಮ್‌ಗೆ ಗೊತ್ತಿಲ್ಲ. ಸಿಗ್ನಲ್ ಹೋಗಿ ಮುಟ್ಟಲು ಹಿಡಿಯುವ ಸಮಯ ಗೊತ್ತಿಲ್ಲದೆ ತನ್ನ ಸರದಿಯ ಕ್ಷಣಕ್ಕೆ ಸರಿಯಾಗಿ ಮಾತಾಡುವುದು ಹೇಗೆ? ಡಾಕ್ಸಿಸ್ ಲೆಕ್ಕದಲ್ಲಿ ಈ ದೂರ 160 ಕಿಲೋಮೀಟರ್‌ವರೆಗೆ ಇರಬಹುದು. ಅದಕ್ಕೆ ಹೊಸಬರಿಗೆಂದೇ ಮ್ಯಾಪ್‌ನಲ್ಲಿ ಒಂದು ಅಗಲವಾದ ಬಯಲು ಬಿಟ್ಟಿರುತ್ತಾರೆ, ಇನಿಷಿಯಲ್ ಮೇಂಟೆನೆನ್ಸ್ ಅಂತ. ಅಲ್ಲಿ ಮೋಡೆಮ್ ಕಡಿಮೆ ಪವರ್‌ನಲ್ಲಿ ಒಂದು ರೇಂಜಿಂಗ್ ರಿಕ್ವೆಸ್ಟ್ (ಸಮಯ, ಪವರ್ ಹೊಂದಿಸಿಕೊಡು ಅನ್ನುವ ಕೋರಿಕೆ) ಕಳಿಸುತ್ತದೆ. 200 ಮಿಲಿಸೆಕೆಂಡ್ ಕಾಯುತ್ತದೆ. ಉತ್ತರ ಬರದಿದ್ದರೆ ಅದೇ ಟಿ3 ಟೈಮ್‌ಔಟ್. ಪವರ್ ಸ್ವಲ್ಪ ಏರಿಸಿ ಮತ್ತೆ ಕೂಗುತ್ತದೆ. ಹೀಗೆ 16 ಸಲ ಕೂಗಿಯೂ ಉತ್ತರ ಬರದಿದ್ದರೆ ಆ ಚಾನೆಲ್ ಬಿಟ್ಟು ಬೇರೆ ದಾರಿ ಹಿಡಿಯುತ್ತದೆ.

ಸಿಎಂಟಿಎಸ್‌ಗೆ ಕೇಳಿಸಿತು ಅಂದುಕೊಳ್ಳಿ. ನಿನ್ನ ಪವರ್ ಇಷ್ಟು ಇಳಿಸು, ಸಮಯ ಇಷ್ಟು ಹಿಂದೆ ಸರಿಸು, ಫ್ರೀಕ್ವೆನ್ಸಿ ಇಷ್ಟು ಸರಿ ಮಾಡು ಅಂತ ಉತ್ತರ ಕೊಡುತ್ತದೆ. ಜೊತೆಗೆ ಒಂದು ತಾತ್ಕಾಲಿಕ ನಂಬರ್. ಅಲ್ಲಿಂದ ಮುಂದೆ ಆ ಮೋಡೆಮ್‌ಗೇ ಅಂತ ಪ್ರತ್ಯೇಕ ಸರದಿ ಸಿಗುತ್ತದೆ. ಈ ಸರಿಪಡಿಸುವ ಆಟ ಮೋಡೆಮ್ ಬದುಕಿರುವವರೆಗೂ ನಿಲ್ಲುವುದಿಲ್ಲ. 30 ಸೆಕೆಂಡಿನ ಮೇಲೂ ಸರದಿ ಬರದಿದ್ದರೆ ಟಿ4 ಟೈಮ್‌ಔಟ್, ಮತ್ತೆ ಮೊದಲಿನಿಂದ ಶುರು.

ಸಿಸ್ಕೋ ಸಿಎಂಟಿಎಸ್‌ನಲ್ಲಿ ಈ ಹಂತಗಳು ಇನಿಟ್-ಆರ್1, ಇನಿಟ್-ಆರ್2, ಇನಿಟ್-ಆರ್‌ಸಿ ಅಂತ ಕಾಣುತ್ತವೆ. ಆರ್1ನಲ್ಲೇ ಕೂತಿದ್ದರೆ ವೈರ್ ನೋಡಿ, ಸರ್ವರ್ ನೋಡಬೇಡಿ.

ಗದಗಿನ_ಕೇಬಲ್‌ನವ

ಇದನ್ನ ಓದಿ ಹಳೇ ದಿನ ನೆನಪಾದವು ನೋಡ್ರಿ. ಗದಗ ಕಡೆ ಕೇಬಲ್ ನಡೆಸುತ್ತಿದ್ದಾಗ ನಾವೂ ಡಾಕ್ಸಿಸ್ ಹಾಕಿದ್ದೆವು. ನಮ್ಮಲ್ಲಿ ಚಾನೆಲ್ 8 ಮೆಗಾಹರ್ಟ್ಸ್, ಯುರೋಪಿನವರ ಪದ್ಧತಿ. ಅಪ್‌ಸ್ಟ್ರೀಮ್ 5ರಿಂದ 65 ಮೆಗಾಹರ್ಟ್ಸ್. ಅಮೆರಿಕದಲ್ಲಿ ಹಳೆಯ ಪ್ಲಾಂಟ್‌ಗಳಲ್ಲಿ 42ಕ್ಕೇ ಮುಗಿಯುತ್ತದೆ, ಅಲ್ವಾ?

ಈ ಅಪ್‌ಸ್ಟ್ರೀಮ್ ಅನ್ನುವುದು ದೊಡ್ಡ ತಲೆನೋವು. ಡೌನ್‌ಸ್ಟ್ರೀಮ್‌ನಲ್ಲಿ ಒಬ್ಬನ ಕನೆಕ್ಟರ್ ಸಡಿಲವಾದರೆ ಅವನಿಗೆ ಮಾತ್ರ ತೊಂದರೆ. ಅಪ್‌ಸ್ಟ್ರೀಮ್‌ನಲ್ಲಿ ಎಲ್ಲರ ಮನೆಯ ಕಸವೂ ಒಂದೇ ಕಾಲುವೆಗೆ ಬಂದು ಬೀಳುತ್ತದೆ. ಯಾರದೋ ಮನೆಯ ಮಿಕ್ಸರ್ ಮೋಟಾರಿನ ಸದ್ದು ಸಡಿಲ ಕನೆಕ್ಟರ್‌ನಿಂದ ಒಳಗೆ ನುಗ್ಗಿ ಇಡೀ ನೋಡ್ ಹಾಳು ಮಾಡುತ್ತಿತ್ತು. ಪವರ್ ಸಪ್ಲೈ ಪೆಟ್ಟಿಗೆಯೊಳಗೆ ಇನ್ವರ್ಟರ್ ಬೇರೆ ಇದೆ. ಅಲ್ಲಿಯ ಎಫ್ ಕನೆಕ್ಟರ್ ಗಟ್ಟಿಯಾಗಿ ಕ್ರಿಂಪ್ ಆಗಿರಬೇಕು ಅಂತ ನಾನು ಹೇಳಬೇಕಾಗಿಲ್ಲ.

ಒಹಾಯೊ_ಲೈನ್‌ಮನ್

ಗದಗಿನ ಅಣ್ಣಾ, ಹೌದು, 42. ಈಗ ಬಹಳ ಕಡೆ 85ಕ್ಕೆ ಏರಿಸುತ್ತಿದ್ದಾರೆ, ಕೆಲವರು 204ಕ್ಕೂ. ಅದು ಟ್ರಾನ್ಸ್‌ಪಾಂಡರ್‌ಗಳಿಗೆ ಒಂದು ಪರೀಕ್ಷೆ. ಅಪ್‌ಸ್ಟ್ರೀಮ್ ಮೇಲಕ್ಕೆ ಬೆಳೆದಂತೆ ಡೌನ್‌ಸ್ಟ್ರೀಮ್ ಶುರುವಾಗುವ ಜಾಗವೂ ಮೇಲಕ್ಕೆ ಹೋಗುತ್ತದೆ. 204 ಮಾಡಿದರೆ ಡೌನ್‌ಸ್ಟ್ರೀಮ್ 258ರಿಂದ. ಬೋರ್ಡ್ ನೆನಪಿಟ್ಟುಕೊಂಡ ಹಳೆಯ ಫ್ರೀಕ್ವೆನ್ಸಿ ಅದಕ್ಕಿಂತ ಕೆಳಗಿದ್ದರೆ ಅಲ್ಲಿ ಈಗ ಏನೂ ಇಲ್ಲ, ಇಡೀ ಸ್ಕ್ಯಾನ್ ಮಾಡಲೇಬೇಕು.

ಇನ್ನೊಂದು. ಈ ಬೋರ್ಡುಗಳಲ್ಲಿ ಬಹಳಷ್ಟು ಹಳೆಯ ಡಾಕ್ಸಿಸ್‌ನವು, 2.0 ಅಥವಾ 3.0. 3.1ರ ಹೊಸ ಬಗೆಯ ಸಿಗ್ನಲ್ ಒಎಫ್‌ಡಿಎಂ ಅವಕ್ಕೆ ಅರ್ಥವಾಗುವುದಿಲ್ಲ. ಗ್ರಾಹಕರಿಗೆಲ್ಲ ಹೊಸ ಮೋಡೆಮ್ ಕೊಟ್ಟಾಯಿತು, ಹಳೇ ಕ್ವಾಮ್ ಚಾನೆಲ್ ತೆಗೆದುಬಿಡೋಣ ಅಂತ ಯೋಚಿಸುವವರು ರಸ್ತೆ ಬದಿಯ ಪೆಟ್ಟಿಗೆಗಳನ್ನು ಮರೆಯುತ್ತಾರೆ.

ಕಾಲೇಜು_ಹುಡುಗ

ಒಂದು ಪ್ರಶ್ನೆ. ಕರೆಂಟ್ ಹೋಗಿ ಬಂದಾಗ ಊರಿನ ಸಾವಿರಾರು ಮೋಡೆಮ್ ಒಟ್ಟಿಗೆ ಎದ್ದು ಆ ಬಯಲಿನಲ್ಲಿ ಕೂಗಿದರೆ ಏನಾಗುತ್ತದೆ?

ಹೆಡ್‌ಎಂಡ್_ಮಾಮ

ಒಳ್ಳೆಯ ಪ್ರಶ್ನೆ ತಮ್ಮಾ. ಬಸ್ ಹತ್ತಿದ ಕೂಡಲೇ ಎಲ್ಲರೂ ಒಟ್ಟಿಗೆ ಕಂಡಕ್ಟರ್‌ಗೆ ಟಿಕೆಟ್ ಕೇಳಿದ ಹಾಗೆ ಆಗುತ್ತದೆ. ಯಾರ ಮಾತೂ ಕೇಳಿಸುವುದಿಲ್ಲ. ಅದಕ್ಕೆ ಬ್ಯಾಕ್‌ಆಫ್ ಅಂತ ಒಂದು ಉಪಾಯ ಇದೆ. ಡಿಕ್ಕಿ ಆದರೆ ಪ್ರತಿ ಮೋಡೆಮ್ ತನ್ನಷ್ಟಕ್ಕೆ ಒಂದು ಸಂಖ್ಯೆ ಆರಿಸಿಕೊಂಡು ಅಷ್ಟು ಅವಕಾಶ ಬಿಟ್ಟುಕೊಡುತ್ತದೆ. ಮತ್ತೆ ಡಿಕ್ಕಿಯಾದರೆ ಆರಿಸುವ ವ್ಯಾಪ್ತಿ ಎರಡರಷ್ಟು. ಎಲ್ಲಿಂದ ಶುರು, ಎಲ್ಲಿಗೆ ಮಿತಿ ಅನ್ನುವುದನ್ನು ಸಿಎಂಟಿಎಸ್ ಮ್ಯಾಪ್‌ನಲ್ಲೇ ಹೇಳಿರುತ್ತದೆ. ಹಾಗಾಗಿ ದೊಡ್ಡ ಕಟ್ ಆದ ಮೇಲೆ ಟಿ3 ಎಣಿಕೆ ಏರಿದ್ದು ಕಂಡರೆ ಗಾಬರಿ ಬೇಡ. ಶಾಂತವಾದ ಮಂಗಳವಾರ ಮಧ್ಯಾಹ್ನ ಏರಿದರೆ ಗಾಬರಿಯಾಗಿ.

ಟ್ರಾನ್ಸ್‌ಪಾಂಡರ್ ಮಾತ್ರ ಈ ನೂಕುನುಗ್ಗಲಿನಲ್ಲಿ ಇರಬಾರದು. ಅದು ಬ್ಯಾಟರಿಯ ಮೇಲೆ ಎದ್ದೇ ಇರಬೇಕಲ್ಲ. ಅದೂ ಹೊಸದಾಗಿ ರೇಂಜಿಂಗ್ ಮಾಡುತ್ತಿದ್ದರೆ ಆ ಪೆಟ್ಟಿಗೆಯ ಬ್ಯಾಟರಿ ಕೈಕೊಟ್ಟಿದೆಯಾ ಅಂತ ಮೊದಲು ಅನುಮಾನಿಸಿ.

ಎಸ್‌ಎನ್‌ಎಂಪಿ_ಸುಮಾ

ತಡವಾಗಿ ಬಂದೆ, ಕ್ಷಮಿಸಿ. ನಾನು ಇಂಥ ಮಾನಿಟರಿಂಗ್ ಸಾಫ್ಟ್‌ವೇರ್ ಬರೆಯುವವಳು. ಐಪಿ ಕಡೆಯ ಭಾಗ ನಾನು ಹೇಳುತ್ತೇನೆ. ನಾಗ ಅವರಿಗೆ ಇದು ಪರಿಚಿತ ಜಾಗ.

ರೇಂಜಿಂಗ್ ಮುಗಿದ ಮೇಲೆ ಡಿಎಚ್‌ಸಿಪಿ, ಅಂದರೆ ಐಪಿ ವಿಳಾಸ ಕೇಳಿ ಪಡೆಯುವುದು. ಡಿಸ್ಕವರ್, ಆಫರ್, ರಿಕ್ವೆಸ್ಟ್, ಆಕ್, ಎಲ್ಲ ಮಾಮೂಲಿ. ವಿಶೇಷ ಏನೆಂದರೆ ಮೋಡೆಮ್ ತನ್ನ ಪರಿಚಯವನ್ನು ಆಪ್ಷನ್ 60ರಲ್ಲಿ ಹೇಳಿಕೊಳ್ಳುತ್ತದೆ, ನಾನು ಡಾಕ್ಸಿಸ್ 3.0 ಅಂತ. ಸಿಎಂಟಿಎಸ್ ಇಲ್ಲಿ ರಿಲೇ. ಮೋಡೆಮ್‌ನ ಮ್ಯಾಕ್ ವಿಳಾಸವನ್ನು (ಕಾರ್ಖಾನೆಯಲ್ಲೇ ಕೊಟ್ಟ ಗುರುತು) ಆಪ್ಷನ್ 82ರಲ್ಲಿ ಅಂಟಿಸಿ ಮುಂದಕ್ಕೆ ಕಳಿಸುತ್ತದೆ. ಉತ್ತರದಲ್ಲಿ ಐಪಿ ಜೊತೆಗೆ ಫೈಲ್ ಕೊಡುವ ಟಿಎಫ್‌ಟಿಪಿ ಸರ್ವರ್ ಯಾವುದು, ಯಾವ ಕಾನ್ಫಿಗ್ ಫೈಲ್ ತಗೋಬೇಕು, ಟೈಮ್ ಸರ್ವರ್ ಯಾವುದು ಅನ್ನುವುದೂ ಇರುತ್ತದೆ.

ಟೈಮ್ ಸರ್ವರ್ ಸಿಗುವವರೆಗೆ ಬಹಳ ಮೋಡೆಮ್‌ಗಳು 1970ರ ಜನವರಿ 1ರಲ್ಲೇ ಬದುಕುತ್ತವೆ. ಲಾಗ್‌ನಲ್ಲಿ ಆ ತಾರೀಖು ಕಂಡರೆ ಅಷ್ಟೇ ಅರ್ಥ, ಆ ಘಟನೆ ಸಮಯ ಸಿಗುವ ಮೊದಲು ನಡೆದದ್ದು.

ಆಮೇಲೆ ಕಾನ್ಫಿಗ್ ಫೈಲ್ ಇಳಿಯುತ್ತದೆ. ನನ್ನ ಪ್ರಕಾರ ಇಡೀ ಕಥೆಯ ಕೀಲಿ ಇಲ್ಲೇ ಇದೆ. ವೇಗದ ಮಿತಿ ಮಾತ್ರ ಅಲ್ಲ, ಈ ಮೋಡೆಮ್‌ನ ಹಿಂದಿರುವ ಸಾಧನಕ್ಕೆ ನೆಟ್‌ವರ್ಕ್ ಕೊಡಬೇಕೋ ಬೇಡವೋ, ಹಿಂದೆ ಎಷ್ಟು ಸಾಧನ ಇರಬಹುದು, ಯಾವ ಐಪಿಯಿಂದ ಬಂದ ಎಸ್‌ಎನ್‌ಎಂಪಿ (ಸಾಧನಗಳ ಸ್ಥಿತಿ ವಿಚಾರಿಸುವ ಭಾಷೆ) ಪ್ರಶ್ನೆಗೆ ಉತ್ತರಿಸಬೇಕು, ಎಲ್ಲವೂ ಇದರಲ್ಲೇ. ಯಾರೋ ತಿದ್ದಿದ ಫೈಲ್ ಹಾಕದಿರಲಿ ಅಂತ ಎಂಡಿ5 ಆಧಾರದ ಒಂದು ಮುದ್ರೆಯೂ ಇರುತ್ತದೆ. ಮೋಡೆಮ್ ಈ ಫೈಲಿನಲ್ಲಿ ಓದಿದ್ದನ್ನೇ ರಿಜಿಸ್ಟ್ರೇಷನ್ ಹೊತ್ತಿನಲ್ಲಿ ಸಿಎಂಟಿಎಸ್‌ಗೆ ಒಪ್ಪಿಸುತ್ತದೆ. ಮುದ್ರೆ ತಾಳೆಯಾಗದಿದ್ದರೆ ಸಿಎಂಟಿಎಸ್ ಒಳಗೆ ಬಿಡುವುದಿಲ್ಲ, ರಿಜೆಕ್ಟ್-ಎಂ ಅಂತ ತೋರಿಸುತ್ತದೆ. ತಾಳೆಯಾದರೆ ಕೀಲಿಗಳ ವಿನಿಮಯ, ಎನ್‌ಕ್ರಿಪ್ಷನ್, ಕೊನೆಗೆ ಆನ್‌ಲೈನ್.

ಈಗ ಮಾಮ ಮೊದಲೇ ಹೇಳಿದ ಎರಡು ಅರ್ಧಗಳ ವಿಷಯ. ಕೆಲವು ಟ್ರಾನ್ಸ್‌ಪಾಂಡರ್‌ಗಳು ಎರಡೂ ಕೆಲಸಕ್ಕೆ ಒಂದೇ ಐಪಿ ಬಳಸುತ್ತವೆ. ಕೆಲವು ಎರಡು ಐಪಿ, ಎರಡು ಮ್ಯಾಕ್. ಎರಡು ಇರುವ ಕಡೆ ಅಳತೆಯ ಭಾಗವನ್ನು ಸಿಎಂಟಿಎಸ್ 'ಮೋಡೆಮ್‌ನ ಹಿಂದಿರುವ ಗ್ರಾಹಕನ ಸಾಧನ' ಅಂತಲೇ ನೋಡುತ್ತದೆ, ಮನೆಯ ಮೋಡೆಮ್ ಹಿಂದಿನ ಲ್ಯಾಪ್‌ಟಾಪ್‌ನಂತೆ. ಮೋಡೆಮ್ ಎದ್ದು ಆನ್‌ಲೈನ್ ಆದ ಮೇಲೆ ಆ ಭಾಗ ತನ್ನದೇ ಡಿಎಚ್‌ಸಿಪಿ ಬೇರೆ ಮಾಡಬೇಕು. ಅದಕ್ಕೆ ಐಪಿ ಸಿಗಲಿಲ್ಲ ಅಂದರೆ ಮೋಡೆಮ್ ಹಸಿರು, ಬ್ಯಾಟರಿ ಲೆಕ್ಕ ಕತ್ತಲೆ.

ನಾಗ ಅವರೇ, ನಿಮ್ಮ ಬೋರ್ಡ್ ಯಾವ ಬಗೆಯದು? ಅದರ ಮೇಲಿನ ಸ್ಟಿಕರ್‌ನಲ್ಲಿ ಎಷ್ಟು ಮ್ಯಾಕ್ ಇದೆ ಅಂತ ಫೀಲ್ಡ್‌ನವರನ್ನು ಕೇಳಿ.

ರಾತ್ರಿಪಾಳಿ_ನಾಗ

ಫೋಟೋ ತರಿಸಿಕೊಂಡೆ. ಸ್ಟಿಕರ್‌ನಲ್ಲಿ ಎರಡು ಮ್ಯಾಕ್ ಇದೆ! ಒಂದರ ಪಕ್ಕ ಸಿಎಂ (ಕೇಬಲ್ ಮೋಡೆಮ್), ಇನ್ನೊಂದರ ಪಕ್ಕ ಸಿಪಿಇ (ಗ್ರಾಹಕನ ಸಾಧನ) ಅಂತ ಬರೆದಿದೆ. ನಮ್ಮ ಟಿಕೆಟ್‌ನಲ್ಲಿ ಮೊದಲನೆಯದು ಮಾತ್ರ ಇತ್ತು.

ಸಿಎಂಟಿಎಸ್‌ನವರು ಇನ್ನೂ ಉತ್ತರಿಸಿಲ್ಲ. ಅವರಿಗೆ ಈಗ ಊಟದ ಹೊತ್ತು.

ಒಹಾಯೊ_ಲೈನ್‌ಮನ್

ಫೀಲ್ಡ್‌ನವರು ಇನ್ನೂ ಅಲ್ಲೇ ಇದ್ದರೆ ಲ್ಯಾಪ್‌ಟಾಪ್ ಅನ್ನು ಬೋರ್ಡಿನ ಈಥರ್ನೆಟ್ ಪೋರ್ಟಿಗೆ ಸಿಕ್ಕಿಸಿ 192.168.100.1 ತೆಗೆಯಲು ಹೇಳಿ. ಲ್ಯಾಪ್‌ಟಾಪ್‌ಗೆ ಅದೇ ಸಾಲಿನ ಒಂದು ಐಪಿ ಕೈಯಾರೆ ಕೊಡಬೇಕು. ಮೋಡೆಮ್‌ಗಳಲ್ಲಿ ಈ ವಿಳಾಸ ಮಾಮೂಲಿ, ಕೇಬಲ್ ಸಿಗ್ನಲ್ ಇಲ್ಲದಿದ್ದರೂ ತೆರೆದುಕೊಳ್ಳುತ್ತದೆ. ಡೌನ್‌ಸ್ಟ್ರೀಮ್ ಲೆವೆಲ್, ಅಪ್‌ಸ್ಟ್ರೀಮ್ ಪವರ್, ಲಾಗ್ ಮೂರನ್ನೂ ಫೋಟೋ ಹೊಡೆಯಲಿ. ಅಪ್‌ಸ್ಟ್ರೀಮ್ ಪವರ್ 50ರ ಮೇಲೆ ಹೋಗಿದ್ದರೆ ಮೋಡೆಮ್ ಕಿರುಚಿ ಕಿರುಚಿ ಮಾತಾಡುತ್ತಿದೆ ಅಂತ. ಇವತ್ತು ನಡೆಯುತ್ತದೆ, ನಾಳೆ ಇಲ್ಲ.

ಬಾಗಿಲು ಮುಚ್ಚುವ ಮೊದಲು ಟ್ಯಾಂಪರ್ ಸ್ವಿಚ್ (ಬಾಗಿಲು ತೆಗೆದದ್ದು ತಿಳಿಸುವ ಗುಂಡಿ) ಒಂದು ಸಲ ಒತ್ತಿ ಬಿಡಲಿ. ಸರ್ವರ್‌ಗೆ ತಲುಪುತ್ತಿದೆಯಾ ಅಂತ ನೋಡಲು ಅದಕ್ಕಿಂತ ಸುಲಭ ಪರೀಕ್ಷೆ ಇಲ್ಲ.

ಕಾಲೇಜು_ಹುಡುಗ

ಇಷ್ಟೆಲ್ಲ ಯಾಕೆ? ಒಂದು 4ಜಿ ಸಿಮ್ ಹಾಕಿದರೆ ಆಗಲ್ವಾ? ಕೇಬಲ್ಲೇ ಕಡಿದರೆ ಇದು ಹೇಗೆ ಹೇಳುತ್ತದೆ?

ಎಸ್‌ಎನ್‌ಎಂಪಿ_ಸುಮಾ

ಕೇಬಲ್ ಕಡಿದರೆ ಇದು ಹೇಳುವುದಿಲ್ಲ, ನಿಜ. ತಾನು ಕಾಯುವ ದಾರಿಯಲ್ಲೇ ತಾನೂ ಮಾತಾಡುತ್ತದೆ. ಆದರೆ ಸುಮ್ಮನಾಗುವುದೂ ಒಂದು ಸುದ್ದಿಯೇ. ಒಂದು ನೋಡ್‌ನ ಎಲ್ಲ ಟ್ರಾನ್ಸ್‌ಪಾಂಡರ್‌ಗಳು ಒಂದೇ ನಿಮಿಷದಲ್ಲಿ ಮಾಯವಾದರೆ ತೊಂದರೆ ನೋಡ್ ಅಥವಾ ಫೈಬರ್‌ನಲ್ಲಿ. ಒಂದೇ ಒಂದು ಮಾಯವಾದರೆ ಆ ಪೆಟ್ಟಿಗೆಯಲ್ಲಿ. ಮೊದಲು ಬ್ಯಾಟರಿಗೆ ಹೋದೆ ಅಂತ ಟ್ರ್ಯಾಪ್ (ಬೋರ್ಡ್ ತಾನಾಗೇ ಕಳಿಸುವ ಸಂದೇಶ) ಬಂದು, ಕೆಲವು ಗಂಟೆಯ ನಂತರ ಮಾಯವಾದರೆ ಕಾರಣ ಕೇಳಲೇ ಬೇಡಿ. ನಮ್ಮ ಸಾಫ್ಟ್‌ವೇರ್‌ನಲ್ಲಿ ಅರ್ಧ ಬುದ್ಧಿ ಈ ಮೌನವನ್ನು ಓದುವುದಕ್ಕೇ ಖರ್ಚಾಗಿದೆ.

ಸಿಮ್ ಹಾಕಬಹುದು. ಸಾವಿರಾರು ಪೆಟ್ಟಿಗೆಗೆ ತಿಂಗಳ ಬಿಲ್ ಯಾರು ಕಟ್ಟುತ್ತಾರೆ? ಕೇಬಲ್ ಅಂತೂ ಅಲ್ಲೇ ಇದೆ.

ಡಾಕ್ಸಿಸ್‌ಗಿಂತ ಮೊದಲು ಇದಕ್ಕೇ ಬೇರೆ ವ್ಯವಸ್ಥೆ ಇತ್ತು. ಹೆಡ್‌ಎಂಡ್‌ನಲ್ಲಿ (ಕೇಬಲ್ ಕಂಪನಿಯ ಮುಖ್ಯ ಕೇಂದ್ರ) ಪ್ರತ್ಯೇಕ ಕಂಟ್ರೋಲರ್, ಅದಕ್ಕೇ ಅಂತ ಎಫ್‌ಎಸ್‌ಕೆ ಅನ್ನುವ ಬಗೆಯ ರೇಡಿಯೊ ಕ್ಯಾರಿಯರ್. ಒಂದೊಂದು ಕಂಪನಿಯದು ಒಂದೊಂದು ಭಾಷೆ. ಅಮೆರಿಕದ ಕೇಬಲ್ ಎಂಜಿನಿಯರುಗಳ ಸಂಘ ಎಸ್‌ಸಿಟಿಇ ಅದನ್ನು ಎಚ್‌ಎಂಎಸ್ ಅನ್ನುವ ಹೆಸರಿನಲ್ಲಿ ಒಂದು ದಾರಿಗೆ ತಂದಿತು. ಆ ಹಳೆಯ ರೇಡಿಯೊ ಭಾಗದ ಜಾಗಕ್ಕೆ ಮೋಡೆಮ್ ಬಂದರೂ ಎಚ್‌ಎಂಎಸ್‌ನ ಎಂಐಬಿ ಪಟ್ಟಿಗಳು (ಸಾಧನವನ್ನು ಏನೇನು ಕೇಳಬಹುದು ಅನ್ನುವ ಪಟ್ಟಿ) ಉಳಿದುಕೊಂಡವು. ಅಲಾರಂಗಳಲ್ಲಿ ಹೈಹೈ, ಹೈ, ಲೋ, ಲೋಲೋ ಅಂತ ನಾಲ್ಕು ಹಂತ ನೋಡುತ್ತೀರಲ್ಲ, ಅದು ಆ ಕಾಲದ್ದೇ.

ಗದಗಿನ_ಕೇಬಲ್‌ನವ

ನಮ್ಮ ಕಡೆ ಇಂಥ ಬೋರ್ಡ್ ನಾನು ನೋಡಲೇ ಇಲ್ಲ. ಕರೆಂಟ್ ಹೋದರೆ ಗಿರಾಕಿಯೇ ಫೋನ್ ಮಾಡುತ್ತಿದ್ದ, ಅದೇ ಮಾನಿಟರಿಂಗ್. ಈಗ ಜಿಪಾನ್ (ಮನೆವರೆಗೂ ಫೈಬರ್) ಬಂದ ಮೇಲೆ ರಸ್ತೆಯಲ್ಲಿ ಆಂಪ್ಲಿಫೈಯರೇ ಇಲ್ಲ, ಸ್ಪ್ಲಿಟರ್‌ಗೆ ಕರೆಂಟ್ ಬೇಡ.

ಆದರೆ ಮಾಮ ಹೇಳಿದ ರೇಂಜಿಂಗ್ ಮಾತ್ರ ಅಲ್ಲೂ ಬಿಟ್ಟಿಲ್ಲ ನೋಡ್ರಿ. ಮನೆಯ ಓಎನ್‌ಯು (ಫೈಬರ್ ಮೋಡೆಮ್) ಎದ್ದಾಗ ಓ1ರಿಂದ ಓ5ವರೆಗೆ ಹಂತ ಹತ್ತುತ್ತದೆ. ಓ3ರಲ್ಲಿ ಸೀರಿಯಲ್ ನಂಬರ್ ಹೇಳುತ್ತದೆ, ಓ4 ರೇಂಜಿಂಗ್, ಓ5 ಬಂದರೆ ಫೈಬರ್ ಕಡೆ ಕೆಲಸ ಸರಿ. ನಮ್ಮ ಹುಡುಗರು ಫೋನ್‌ನಲ್ಲಿ ಮೊದಲು ಕೇಳುವುದೇ 'ಓ5 ಬಂತೇನು?' ಅಂತ. ಓ5 ಬಂದೂ ಇಂಟರ್ನೆಟ್ ಇಲ್ಲ ಅಂದರೆ ಆಫೀಸಿನವರಿಗೆ ಫೋನ್, ಏಣಿ ಹತ್ತುವುದಿಲ್ಲ.

ರಾತ್ರಿಪಾಳಿ_ನಾಗ

ಉತ್ತರ ಬಂತು. ಸಾಲಿನಲ್ಲಿ ಆನ್‌ಲೈನ್ ಅಂತಲೇ ಇದೆ, ಆದರೆ ಅದರ ಪಕ್ಕ ಬ್ರಾಕೆಟ್‌ನಲ್ಲಿ ಒಂದು 'ಡಿ' ಅಕ್ಷರ ಇದೆ. ಸಿಪಿಇ ಲೆಕ್ಕ ಸೊನ್ನೆ. ಲೋಕಲ್ ಪೇಜಿನ ಫೋಟೋದಲ್ಲಿ ಡೌನ್‌ಸ್ಟ್ರೀಮ್ ಪ್ಲಸ್ 2, ಅಪ್‌ಸ್ಟ್ರೀಮ್ 43. ಲಾಗ್‌ನಲ್ಲಿ ಟಿ3 ಶುರುವಿನಲ್ಲಿ ಮಾತ್ರ, ಅದೂ 1970ರ ತಾರೀಖಿನಲ್ಲಿ.

ಹೆಡ್‌ಎಂಡ್_ಮಾಮ

ಸಿಕ್ಕಿಬಿದ್ದ! ಆ ಡಿ ಅಂದರೆ ಮೋಡೆಮ್ ರಿಜಿಸ್ಟರ್ ಆಗಿದೆ, ಆದರೆ ಹಿಂದಿನ ಸಾಧನಕ್ಕೆ ನೆಟ್‌ವರ್ಕ್ ಕೊಡಬೇಡ ಅಂತ ಕಾನ್ಫಿಗ್ ಫೈಲ್ ಹೇಳಿದೆ. ಸುಮಾ ಹೇಳಿದ ಆ ಒಂದು ಸಾಲು, ನೆಟ್‌ವರ್ಕ್ ಆಕ್ಸೆಸ್ ಸೊನ್ನೆ.

ಫೀಲ್ಡ್‌ನವರನ್ನು ಮನೆಗೆ ಕಳಿಸಿ. ಆರ್‌ಎಫ್ ಚೊಕ್ಕವಾಗಿದೆ. ಹೊಸ ಬೋರ್ಡಿನ ಮ್ಯಾಕ್ ಪ್ರೊವಿಜನಿಂಗ್ ಪಟ್ಟಿಯಲ್ಲಿ (ಯಾವ ಮೋಡೆಮ್‌ಗೆ ಯಾವ ಫೈಲ್ ಅನ್ನುವ ದಾಖಲೆ) ಇರಲಿಕ್ಕಿಲ್ಲ. ಗುರುತಿಲ್ಲದ ಮೋಡೆಮ್ ಬಂದರೆ ಬಹಳ ಕಡೆ ಒಂದು ಡೀಫಾಲ್ಟ್ ಫೈಲ್ ಕೊಟ್ಟು ಮೂಲೆಯಲ್ಲಿ ಕೂರಿಸುತ್ತಾರೆ. ಬಿಲ್ ಕಟ್ಟದವನಿಗೆ ಮಾಡುವ ಮರ್ಯಾದೆಯೇ ಈ ಬಡಪಾಯಿ ಬ್ಯಾಟರಿ ಕಾವಲುಗಾರನಿಗೂ ಸಿಕ್ಕಿದೆ. ಯಾವ ಫೈಲ್ ಇಳಿದಿದೆ ಅಂತ ಪ್ರೊವಿಜನಿಂಗ್‌ನವರನ್ನು ಕೇಳಿ, ಹೆಸರಿನಲ್ಲೇ ಗೊತ್ತಾಗುತ್ತದೆ.

ಎಸ್‌ಎನ್‌ಎಂಪಿ_ಸುಮಾ

ಅವರನ್ನು ಕೇಳುವಾಗ ಎರಡೂ ಮ್ಯಾಕ್ ಕೊಡಿ. ಸಿಎಂ ಮ್ಯಾಕ್‌ಗೆ ಟ್ರಾನ್ಸ್‌ಪಾಂಡರ್‌ಗಳ ಫೈಲ್ ಬೇಕು. ಸಿಪಿಇ ಮ್ಯಾಕ್‌ಗೆ ಮಾನಿಟರಿಂಗ್ ಸಬ್‌ನೆಟ್‌ನ ಐಪಿ ಬೇಕು, ಗ್ರಾಹಕರ ಸಬ್‌ನೆಟ್‌ನದಲ್ಲ. ಇಲ್ಲದಿದ್ದರೆ ಐಪಿ ಸಿಕ್ಕರೂ ನಿಮ್ಮ ಸರ್ವರ್ ಅದನ್ನು ಮುಟ್ಟಲು ಫೈರ್‌ವಾಲ್ ಬಿಡುವುದಿಲ್ಲ.

ಫೈಲ್ ಬದಲಾಯಿಸಿದರೆ ಸಾಲದು, ಮೋಡೆಮ್ ರೀಬೂಟ್ ಆಗಬೇಕು. ಫೈಲ್ ಓದುವುದು ಶುರುವಿನಲ್ಲಿ ಮಾತ್ರ. ರೀಬೂಟ್ ಅಂದರೆ ಮೋಡೆಮ್ ಭಾಗ ಮಾತ್ರ, ಪವರ್ ಸಪ್ಲೈ ಆಫ್ ಮಾಡಬೇಡಿ! ಸಿಎಂಟಿಎಸ್‌ನವರೇ ಅಲ್ಲಿಂದ ರೀಸೆಟ್ ಮಾಡಬಲ್ಲರು.

ಎದ್ದ ಮೇಲೆ ಯುಡಿಪಿ ಪೋರ್ಟ್ 162ರಲ್ಲಿ ಒಂದು ಕೋಲ್ಡ್‌ಸ್ಟಾರ್ಟ್ ಟ್ರ್ಯಾಪ್ ('ಈಗಷ್ಟೇ ಎದ್ದೆ' ಅನ್ನುವ ಸಂದೇಶ) ಬರುತ್ತದಾ ನೋಡಿ. ಪಿಂಗ್ ಹೋಗುತ್ತದೆ, ಆದರೆ 161ರಲ್ಲಿ ಕೇಳಿದರೆ ಉತ್ತರ ಇಲ್ಲ ಅಂತಾದರೆ ಕಮ್ಯುನಿಟಿ ಸ್ಟ್ರಿಂಗ್ (ಎಸ್‌ಎನ್‌ಎಂಪಿಯ ಪಾಸ್‌ವರ್ಡ್ ಇದ್ದ ಹಾಗೆ) ಅಥವಾ ಅನುಮತಿಯ ಪಟ್ಟಿ ತಪ್ಪಿದೆ. ನಿಮ್ಮ ಸರ್ವರ್‌ನಲ್ಲಿ ಆ ಪೆಟ್ಟಿಗೆಯ ದಾಖಲೆ ಇನ್ನೂ ಹಳೆಯ ಮ್ಯಾಕ್‌ಗೆ ಕಟ್ಟಿಕೊಂಡಿರುತ್ತದೆ, ಅದನ್ನೂ ಬದಲಿಸಿ. ಐಪಿಯಿಂದ ಗುರುತಿಸುವ ವ್ಯವಸ್ಥೆ ಇದ್ದರೆ ದಯವಿಟ್ಟು ಬಿಟ್ಟುಬಿಡಿ, ಅದು ಡಿಎಚ್‌ಸಿಪಿ, ಇವತ್ತಿನದು ನಾಳೆ ಇರುವುದಿಲ್ಲ.

ಒಹಾಯೊ_ಲೈನ್‌ಮನ್

ಮನೆಗೆ ಕಳಿಸಿ ಅಂದಿರಲ್ಲ ಮಾಮ, ನಮ್ಮಂಥವರ ಪರವಾಗಿ ಧನ್ಯವಾದ. ಈ 'ಮೋಡೆಮ್ ಕಾಣ್ತಿಲ್ಲ' ಅನ್ನುವ ಟಿಕೆಟ್‌ಗೆ ಲಾರಿ ಹೊರಡಿಸುವ ಮೊದಲು ಸಿಎಂಟಿಎಸ್‌ನ ಒಂದು ಸಾಲು ನೋಡುವ ಅಭ್ಯಾಸ ಎಲ್ಲ ಕಡೆ ಬಂದರೆ ನನ್ನ ಅರ್ಧ ಚಳಿಗಾಲ ಉಳಿಯುತ್ತದೆ.

ರಾತ್ರಿಪಾಳಿ_ನಾಗ

ಬಂತು! ಪ್ರೊವಿಜನಿಂಗ್‌ನವರು ಎರಡೂ ಮ್ಯಾಕ್ ಸೇರಿಸಿದರು. ಮಾಮ ಹೇಳಿದ ಹಾಗೆ ಡೀಫಾಲ್ಟ್ ಫೈಲೇ ಇಳಿದಿತ್ತು. ಅಲ್ಲಿಂದಲೇ ರೀಸೆಟ್ ಮಾಡಿದರು. ಇನಿಟ್-ಆರ್1, ಆರ್‌ಸಿ, ಡಿ (ಇದು ಡಿಎಚ್‌ಸಿಪಿಯ ಡಿ, ಮೊದಲಿನ ಬ್ರಾಕೆಟ್ಟಿನದಲ್ಲ), ಐ (ಐಪಿ), ಓ (ಕಾನ್ಫಿಗ್ ಫೈಲ್) ಅಂತ ಒಂದೊಂದೇ ದಾಟುವುದನ್ನು ಅವರ ಸ್ಕ್ರೀನ್ ಶೇರ್‌ನಲ್ಲಿ ನೋಡಿದೆ. ಈ ಸಲ ಫ್ರೀಕ್ವೆನ್ಸಿ ನೆನಪಿದ್ದರಿಂದ ಸ್ಕ್ಯಾನ್‌ಗೆ ಹೊತ್ತೇ ಆಗಲಿಲ್ಲ. ಆನ್‌ಲೈನ್-ಪಿಟಿ (ಎನ್‌ಕ್ರಿಪ್ಷನ್ ಸಮೇತ ಆನ್‌ಲೈನ್) ಆಯಿತು. ಸಿಪಿಇ ಲೆಕ್ಕ ಒಂದಾಯಿತು. ಕೋಲ್ಡ್‌ಸ್ಟಾರ್ಟ್ ಟ್ರ್ಯಾಪ್ ಬಂತು, ಸರ್ವರ್‌ನಲ್ಲಿ ಪೆಟ್ಟಿಗೆ ಹಸಿರಾಯಿತು.

ಹಸಿರಾದ ಬೆನ್ನಲ್ಲೇ ಹಳದಿ. ಮೂರು ಬ್ಯಾಟರಿಗಳಲ್ಲಿ ಎರಡು 13.6 ವೋಲ್ಟ್ ತೋರಿಸುತ್ತಿವೆ, ಒಂದು 12.4. ಲೋ ಅಲಾರಂ. ಇದು ಬೋರ್ಡಿನ ತಪ್ಪು ಓದಾ, ನಿಜವಾದ ತೊಂದರೆಯಾ?

ಒಹಾಯೊ_ಲೈನ್‌ಮನ್

ಚಾರ್ಜ್ ಆಗುತ್ತಿರುವ ಸಾಲಿನಲ್ಲಿ ಒಂದು ಅಷ್ಟು ಕೆಳಗಿದ್ದರೆ ಒಳಗಿನ ಒಂದು ಸೆಲ್ ಹೋಗುತ್ತಿದೆ ಅಂತ ಅನುಮಾನ. ಅಳತೆ ಮಾಡುವ ವೈರಿನ ಲಗ್ ಸಡಿಲವಾಗಿದ್ದರೂ ಹೀಗೆ ಕಾಣಬಹುದು. ಫೀಲ್ಡ್‌ನವರು ಇನ್ನೂ ದೂರ ಹೋಗಿರದಿದ್ದರೆ ಮಲ್ಟಿಮೀಟರ್ ಹಿಡಿದು ನೇರವಾಗಿ ಟರ್ಮಿನಲ್ ಮೇಲೆ ಅಳೆಯಲಿ. ಅಲ್ಲೂ 12.4 ಬಂದರೆ ಒಂದನ್ನು ಮಾತ್ರ ಬದಲಿಸಬೇಡಿ, ಮೂರನ್ನೂ ಬದಲಿಸಲು ಟಿಕೆಟ್ ಹಾಕಿ.

ರಾತ್ರಿಪಾಳಿ_ನಾಗ

ಫೋನ್ ಮಾಡಿದೆ. ಹೆದ್ದಾರಿ ಹತ್ತುವವರಿದ್ದರಂತೆ. ಬೈಯುತ್ತಲೇ ಗಾಡಿ ತಿರುಗಿಸಿದ್ದಾರೆ.